ಉಪ್ಪು ಹಾಕದ ನೀಲಿ

ವಾಮನ ಮೇಸ್ತರು ಯಂತ್ರದ ಮೇಲಿನ ಗೋಣಿಚೀಲವನ್ನು ಎಳೆದು ತೆಗೆದಾಗ ಹೊನ್ನಾವರದಲ್ಲಿ ಶ್ರಾವಣದ ಮಳೆ ಸ್ವಲ್ಪ ಹೊತ್ತು ಬಿಡುವು ಕೊಟ್ಟಿತ್ತು. ಪ್ರದರ್ಶನ ನೋಡಲು ಬಂದವರು ಇಬ್ಬರೇ. ಒಬ್ಬಳು ಪಕ್ಕದ ಮನೆಯ ನಾದಿನಿ ರತ್ನಾವತಿ. ಇನ್ನೊಬ್ಬ ಬೇಲಿಯಾಚೆಯ ಪಾಸ್ಕಲ್ ಫರ್ನಾಂಡಿಸ್. ಅವನು ಬಂದದ್ದು ನೋಡಲಿಕ್ಕಲ್ಲ, ಹೋದ ವರ್ಷದ ಯಂತ್ರ ನುಂಗಿದ ತನ್ನ ಏಣಿಯನ್ನು ವಾಪಸು ಕೇಳಲಿಕ್ಕೆ.

ಯಂತ್ರಕ್ಕೆ ಗ್ರೈಂಡರಿನ ಮೋಟಾರು, ಟಿವಿಯ ತಟ್ಟೆ ಆಂಟೆನಾ, ಮಂಜುಗಡ್ಡೆ ಫ್ಯಾಕ್ಟರಿಯಿಂದ ಬಂದ ತಾಮ್ರದ ಸುರುಳಿ, ಹಿಡಿಯ ಜಾಗದಲ್ಲಿ ಒಂದು ಸೌಟು. ಮೇಸ್ತರು ಆ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಅವರ ಹೆಮ್ಮೆಯ ವಿವರಣೆಯ ಸಾರ ಇಷ್ಟು: ಬಿಸಿಲು ಬಟ್ಟೆಯ ಬಣ್ಣವನ್ನು ತಿನ್ನುವುದಿಲ್ಲ, ಒಯ್ದು ಬೇರೆ ಎಲ್ಲೋ ಇಡುತ್ತದೆ. ಇಟ್ಟಲ್ಲಿಂದ ಕರೆದರೆ ಅದು ಬರಲೇಬೇಕು.

ಕರೆಯಬೇಕಾದದ್ದು ಅಂಗಳದಲ್ಲಿ ಕಟ್ಟೆ ಏರಿ ಕೂತಿದ್ದ ಹಾಯಿದೋಣಿಯ ಹೊದಿಕೆಯ ಬಣ್ಣವನ್ನು. ಮೇಸ್ತರು ಕೈಯಾರೆ ಕಟ್ಟಿದ ದೋಣಿ ಅದು. ಅದರಲ್ಲಿ ಅವರೂ ಹೆಂಡತಿ ಲೀಲಾವತಿಯೂ ಶರಾವತಿ ಸಮುದ್ರ ಸೇರುವ ಅಳಿವೆಯವರೆಗೆ ಹೋಗಿ ಬರುತ್ತಿದ್ದರು. ಲೀಲಾವತಿ ತೀರಿಕೊಂಡ ಮೇಲೆ ದೋಣಿ ನೀರಿಗಿಳಿದಿಲ್ಲ. ಅವಳೇ ಹೊಲಿದು, ಅವಳೇ ಬಣ್ಣ ಹಾಕಿದ ನೀಲಿ ಕ್ಯಾನ್ವಾಸು ಬಿಸಿಲಿಗೆ ಬೆಳ್ಳಗಾಗಿ, ಈಗ ಗಂಜಿಯ ತಿಳಿಯ ಹಾಗೆ ಕಾಣುತ್ತಿತ್ತು. ಅದನ್ನು ಯಾರೂ ಎತ್ತಬಾರದು, ಮುಟ್ಟಬಾರದು. ಬಣ್ಣ ಮರಳಿದ ದಿನ ದೋಣಿ ಇಳಿಸುತ್ತೇನೆ, ಈ ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಡುವಾಗ ನಾನೂ ಹೋಗುತ್ತೇನೆ ಎಂದು ಮೇಸ್ತರು ಹೇಳಿಕೊಂಡಿದ್ದರು. ಪೇಟೆಯಲ್ಲಿ ಹೊಸ ಹೊದಿಕೆ ಸಿಗುತ್ತದಲ್ಲ ಎಂದ ರತ್ನಾವತಿಯ ಜೊತೆ ಎರಡು ದಿನ ಮಾತು ಬಿಟ್ಟಿದ್ದರು.

ಮೇಸ್ತರು ಸೌಟು ತಿರುಗಿಸಿದರು. ಯಂತ್ರ ಹಸಿದ ಬೆಕ್ಕಿನ ಹಾಗೆ ಕೂಗಿತು. ಹೊದಿಕೆಯ ಒಂದು ಮೂಲೆ ನಿಧಾನವಾಗಿ ನೀಲಿಯಾಯಿತು. ರತ್ನಾವತಿ ಒಂದು ಹೆಜ್ಜೆ ಮುಂದೆ ಬಂದಳು. ಆದರೆ ಆ ನೀಲಿಯಲ್ಲಿ ಚೌಕುಳಿ ಚೌಕುಳಿ ಗೆರೆಗಳಿದ್ದವು.

"ಮೇಸ್ತರೇ, ನನ್ನ ಲುಂಗಿ" ಎಂದ ಪಾಸ್ಕಲ್.

ಅವನ ನೀಲಿ ಚೌಕುಳಿಯ ಲುಂಗಿ ಹೆಣದ ಬಟ್ಟೆಯಷ್ಟು ಬೆಳ್ಳಗಾಗಿತ್ತು.

ಹತ್ತಿರದ ನೀಲಿ ಮೊದಲು ಬರುವುದು ಸಹಜ, ದೂರಕ್ಕೆ ಹಚ್ಚಿದರೆ ಸರಿಯಾದದ್ದು ಬರುತ್ತದೆ ಎಂದು ಮೇಸ್ತರು ಸೌಟನ್ನು ಇನ್ನಷ್ಟು ತಿರುಗಿಸಿದರು. ಪಾಸ್ಕಲನ ಮನೆಯ ನೀಲಿ ಬಾಗಿಲು ಬೋಳಾಯಿತು. ಸೌದೆಯ ಮೇಲಿನ ತಾಡಪಾಲು ಹಾಲಿನ ಕೆನೆಯಂತಾಯಿತು. ತಂತಿಯ ಮೇಲೆ ಕೂತಿದ್ದ ಮಿಂಚುಳ್ಳಿ ನೋಡನೋಡುತ್ತ ಬಣ್ಣ ಕಳೆದುಕೊಂಡು, ಕೆಳಗಿನ ಹೊಂಡದ ನೀರಿನಲ್ಲಿ ತನ್ನನ್ನು ನೋಡಿಕೊಂಡಿತು, ಮತ್ತೆ ನೋಡಿಕೊಂಡಿತು, ಆಮೇಲೆ ಯಾರಿಗೂ ಮುಖ ತೋರಿಸಲಾರದೆ ಹಲಸಿನ ಮರದೊಳಗೆ ಹೋಯಿತು. ಹೊದಿಕೆಯ ತುಂಬ ಈಗ ಊರಿನ ನೀಲಿಗಳೆಲ್ಲ ತೇಪೆ ತೇಪೆಯಾಗಿ ಕೂತಿದ್ದವು.

ಮೇಸ್ತರು ಒಂದೊಂದೇ ತೇಪೆಯನ್ನು ಮುಟ್ಟಿ ನೋಡಿದರು. ಆಮೇಲೆ ಯಂತ್ರ ನಿಲ್ಲಿಸಿ ಕಟ್ಟೆಯ ಮೇಲೆ ಕುಸಿದು ಕೂತರು.

"ಇದ್ರಲ್ಲಿ ಯಾವುದೂ ಅಲ್ಲ ರತ್ನಾ. ಯಾವುದು ಅಂತ ಕೇಳಿದ್ರೆ ಅದೂ ಗೊತ್ತಿಲ್ಲ. ಕಣ್ಣು ಮುಚ್ಚಿದ್ರೆ ಬೂದಿ ಬಣ್ಣವೇ ಕಾಣ್ತದೆ."

ಲುಂಗಿಯ ಜಗಳಕ್ಕೆ ಬಾಯಿ ತೆರೆದಿದ್ದ ಪಾಸ್ಕಲ್ ಬೆಳ್ಳಗಾದ ಲುಂಗಿ ಎತ್ತಿ ಕಟ್ಟಿಕೊಂಡು ಬೇಲಿ ದಾಟಿ ಹೋದ.

ಯಾವುದು ಎಂದು ರತ್ನಾವತಿಗೆ ಗೊತ್ತಿತ್ತು. ಅಕ್ಕ ಲೀಲಾವತಿ ಕ್ಯಾನ್ವಾಸಿಗೆ ಬಣ್ಣ ಹಾಕಿದ ದಿನ ಭತ್ತ ಬೇಯಿಸುವ ಹಂಡೆಯಲ್ಲಿ ಬಣ್ಣ ಮಿಕ್ಕಿತ್ತು. ಹಾಳು ಮಾಡುವುದು ಯಾಕೆಂದು ಅದರಲ್ಲೇ ತನ್ನ ಒಂದು ಸೀರೆಯನ್ನೂ ಅದ್ದಿದ್ದಳು. ಒಂದು ಹಿಡಿ ಉಪ್ಪು ಹಾಕು, ಬಣ್ಣ ನಿಲ್ಲುತ್ತದೆ ಎಂದು ರತ್ನಾವತಿ ಆಗಲೇ ಹೇಳಿದ್ದಳು. ಊರೆಲ್ಲ ಉಪ್ಪೇ ಇರುವಾಗ ಹಂಡೆಗೂ ಯಾಕೆ ಎಂದು ಅಕ್ಕ ನಕ್ಕಿದ್ದಳು. ಬಣ್ಣ ನಿಲ್ಲಲಿಲ್ಲ. ಆ ಸೀರೆಯನ್ನು ಒಮ್ಮೆ ಒಗೆದದ್ದಕ್ಕೆ ಮೇಸ್ತರ ಬನಿಯನ್‌ಗಳೆಲ್ಲ ವರ್ಷಗಟ್ಟಲೆ ನೀಲಿಯಾಗಿದ್ದವು. ಅಕ್ಕ ಹೋದ ಮೇಲೆ ಸೀರೆ ರತ್ನಾವತಿಯ ಪಾಲಿಗೆ ಬಂತು. ಅವಳು ಅದನ್ನು ಉಡಲಿಲ್ಲ, ಒಗೆಯಲಿಲ್ಲ, ಬಿಸಿಲಿಗೆ ಹಾಕಲಿಲ್ಲ. ಟ್ರಂಕಿನಲ್ಲಿಟ್ಟು ಆಗಾಗ ಮುಚ್ಚಳ ತೆರೆದು ನೋಡಿ ಮುಚ್ಚುತ್ತಿದ್ದಳು. ಅಕ್ಕನದು ಎಂದು ಅವಳಲ್ಲಿ ಉಳಿದದ್ದು ಅದೊಂದೇ.

ಮಾರನೆಯ ಮಧ್ಯಾಹ್ನದವರೆಗೂ ಅವಳು ಟ್ರಂಕು ತೆರೆದಳು, ಮುಚ್ಚಿದಳು. ತೋರಿಸದಿದ್ದರೆ ಭಾವನಿಗೆ ಅಕ್ಕನ ಬಣ್ಣ ಸಿಗುವುದಿಲ್ಲ. ತೋರಿಸಿದರೆ ಆ ಯಂತ್ರ ಏನು ಮಾಡುತ್ತದೋ. ಹೋದ ವರ್ಷದ ಏಣಿ ನೆನಪಾಯಿತು. ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು: ಕರೆಂಟು ಹೋಗಲಿ. ಮಳೆಗಾಲದಲ್ಲಿ ಕರೆಂಟು ಹೋಗುವುದಕ್ಕೆ ಕಾಯಬೇಕಾದದ್ದೇನೂ ಇಲ್ಲ. ಕರೆಂಟಿಲ್ಲದ ಯಂತ್ರ ಬರೀ ಪಾತ್ರೆ ಸಾಮಾನು.

ಊಟದ ಹೊತ್ತಿಗೆ ಫ್ಯಾನು ನಿಂತಿತು. ರತ್ನಾವತಿ ಸೀರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಭಾವನ ಅಂಗಳಕ್ಕೆ ಹೋದಳು. ಕರೆಂಟಿಲ್ಲ ತಾನೇ ಎಂದು ಎರಡು ಸಲ ಕೇಳಿದಳು. ಇಲ್ಲ ಎಂದರು ಮೇಸ್ತರು. ಅವಳು ಸೀರೆ ಬಿಡಿಸಿ ಹೊದಿಕೆಯ ಅಂಚಿಗೆ ಹಿಡಿದಳು.

ಮೇಸ್ತರು ಬಗ್ಗಿ ಬಹಳ ಹೊತ್ತು ನೋಡಿದರು. ಕೈಯನ್ನು ಪಂಚೆಗೆ ಒರೆಸಿಕೊಂಡು ಸೀರೆಯ ಅಂಚನ್ನು ಮುಟ್ಟಿದರು. "ಇದು" ಎಂದರು.

ಅಷ್ಟರಲ್ಲಿ ಯಂತ್ರ ತನ್ನಷ್ಟಕ್ಕೇ ಕೂಗತೊಡಗಿತು.

ಮಂಜುಗಡ್ಡೆ ಫ್ಯಾಕ್ಟರಿಯಲ್ಲಿ ಕರೆಂಟು ಹೋದರೆ ಮಾಲು ಕರಗುತ್ತದೆ. ಹಾಗಾಗಿ ಜೀವಮಾನವಿಡೀ ಮೇಸ್ತರು ಜೋಡಿಸಿದ ಯಂತ್ರಗಳೆಲ್ಲ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ನಿಲ್ಲಿಸಿಟ್ಟಿದ್ದರೂ ಬ್ಯಾಟರಿಯ ಮೇಲೆ ತಾವೇ ಶುರುವಾಗುತ್ತಿದ್ದವು. ಬೇರೆ ಥರ ಯಂತ್ರ ಮಾಡುವುದು ಅವರಿಗೆ ಗೊತ್ತೇ ಇರಲಿಲ್ಲ. ಹೇಳಬೇಕೆಂದು ಹೊಳೆದಿರಲೂ ಇಲ್ಲ.

ಒಂದೇ ಹಂಡೆಯಲ್ಲಿ ಬೆಂದ ಬಣ್ಣಗಳು ಒಂದನ್ನೊಂದು ಗುರುತು ಹಿಡಿದವು. ರತ್ನಾವತಿ ಸೀರೆ ಎಳೆದುಕೊಳ್ಳುವುದರೊಳಗೆ ನೀಲಿ ಅವಳ ಬೆರಳುಗಳ ಸಂದಿಯಿಂದ ಜಾರಿ ಹೊದಿಕೆಗೆ ಹರಿಯಿತು. ಅದು ಬಂದ ರಭಸಕ್ಕೆ ಕದ್ದ ನೀಲಿಗಳೆಲ್ಲ ಹೊರದಬ್ಬಿಸಿಕೊಂಡು ಮನೆ ಹುಡುಕಿಕೊಂಡು ಹೋದವು. ಗಡಿಬಿಡಿಯಲ್ಲಿ ಬಾಗಿಲಿಗೆ ಮಿಂಚುಳ್ಳಿಯ ಹೊಳಪು ಸಿಕ್ಕಿತು, ಮಿಂಚುಳ್ಳಿಗೆ ಲುಂಗಿಯ ಚೌಕುಳಿ.

ಹೊದಿಕೆ ಲೀಲಾವತಿಯ ನೀಲಿಯಾಗಿತ್ತು. ರತ್ನಾವತಿಯ ಕೈಯಲ್ಲಿ ಬಿಳಿಯ ಸೀರೆ ಇತ್ತು.

ಅವಳು ಅಳಲಿಲ್ಲ. ಸೀರೆಯನ್ನು ಹಳೆಯ ಮಡಿಕೆಯ ಗುರುತಿನ ಮೇಲೇ ಮಡಚತೊಡಗಿದಳು. ಅದು ನೋಡಲಾಗದೆ ಮೇಸ್ತರು, ತಾಳು, ವಾಪಸು ಮಾಡುತ್ತೇನೆ ಎಂದರು. ಬೇಡ ಭಾವ, ದೋಣಿಗಾದರೂ ಇರಲಿ ಎಂದಳು ಅವಳು. ಅವರು ಕೇಳಲಿಲ್ಲ. "ನನ್ನ ಹತ್ರ ಇದ್ದು ಎಂತಕ್ಕೆ? ನಿಂಗೆ ಇಲ್ಲದ್ದು ನಂಗೆ ಬೇಡ" ಎಂದು ಸೌಟನ್ನು ಹಿಮ್ಮುಖವಾಗಿ ತಿರುಗಿಸಿದರು.

ಹಿಂದಕ್ಕೆ ಎಂದರೆ ಯಂತ್ರಕ್ಕೆ ಬಿಸಿಲಿನ ದಾರಿ ಮಾತ್ರ ಗೊತ್ತಿತ್ತು. ಹೊದಿಕೆಯ ನೀಲಿ ಎದ್ದು, ಸೀರೆಯ ಕಡೆ ತಿರುಗಿಯೂ ನೋಡದೆ, ನೆಟ್ಟಗೆ ಮೇಲೆ ಹೋಯಿತು. ಸುರುಳಿ ಕರಗಿತು. ಆಂಟೆನಾ ಕಳಚಿ ಬಿತ್ತು. ಕಪ್ಪು ಮೋಡ ಮುಚ್ಚಿದ ಬಾನಿನಲ್ಲಿ, ಸರಿಯಾಗಿ ಅಂಗಳದ ನೆತ್ತಿಗೆ, ಒಂದು ಸೀರೆಯಷ್ಟು ಉದ್ದದ ನೀಲಿ ಹರಡಿ ನಿಂತಿತು. ಅಂಚು ಕೂಡ ಇತ್ತು.

ಸದ್ದು ಕೇಳಿ ಬೇಲಿ ದಾಟಿ ಬಂದಿದ್ದ ಪಾಸ್ಕಲ್ ಶಿಲುಬೆಯ ಗುರುತು ಹಾಕಿಕೊಂಡ. ಏಣಿ ಇದ್ದಿದ್ದರೆ ಹತ್ತಿ ನೋಡಬಹುದಿತ್ತು ಎಂದು ಮೆಲ್ಲಗೆ ಹೇಳಿದ.

ಮೂವರೂ ಕತ್ತು ನೋಯುವವರೆಗೆ ಮೇಲೆ ನೋಡುತ್ತ ನಿಂತರು. ಆಮೇಲೆ ಮಳೆ ಬಂತು. ಊರಿಗೆಲ್ಲ ಬರುವ ಮಳೆಯೇ. ಆದರೆ ಈ ಅಂಗಳದಲ್ಲಿ ಬಿದ್ದ ಹನಿ ನೀಲಿಯಾಗಿತ್ತು. ಮೇಲಿನ ಸೀರೆ ಬಣ್ಣ ಬಿಡುತ್ತಿತ್ತು.

ಪಾಸ್ಕಲನ ಬಿಳಿ ಕೋಳಿ ನೀಲಿಯಾಯಿತು. ಮೇಸ್ತರ ನರೆತ ತಲೆ ನೀಲಿಯಾಯಿತು, ಬನಿಯನ್ ಹಳೆಯ ದಿನಗಳ ಹಾಗಾಯಿತು. ರತ್ನಾವತಿ ಮಡಚಿದ ಸೀರೆಯನ್ನು ಬಿಡಿಸಿ ಎರಡು ಕೈಯಲ್ಲೂ ಮಳೆಗೆ ಹಿಡಿದಳು. ಬಣ್ಣ ತೆಳುವಾಗಿ, ಪಟ್ಟೆ ಪಟ್ಟೆಯಾಗಿ ಇಳಿಯಿತು. ಹೊದಿಕೆಗೂ ಸರಿಯಾಗಿ ತಾಗಲಿ ಎಂದು ಮೇಸ್ತರು ಅದರ ಹಗ್ಗ ಬಿಚ್ಚಿ, ಅಷ್ಟು ವರ್ಷಗಳ ಮೇಲೆ ಮೊದಲ ಸಲ ಅದನ್ನು ಎಳೆದು ನೆಲದ ಮೇಲೆ ಹಾಸಿದರು.

ಕೆಳಗೆ ದೋಣಿ ಇರಲಿಲ್ಲ. ದೋಣಿಯ ಆಕಾರದ ಗೆದ್ದಲಿನ ಮಣ್ಣು ಇತ್ತು. ಮೊದಲ ಹನಿಗಳು ಬೀಳುತ್ತಲೇ ಒಂದು ಪಕ್ಕ ಸದ್ದಿಲ್ಲದೆ ಕುಸಿಯಿತು.

ಹೊದಿಕೆಯನ್ನು ಯಾರೂ ಎತ್ತಬಾರದು ಎಂದು ಕಾದವರು ಅವರೇ. ಮೇಸ್ತರು ಕಟ್ಟೆಯ ಪಕ್ಕ ನಿಂತು, ಆ ಮಣ್ಣು ನೀಲಿಯಾಗಿ ಹರಿದು ಬೇಲಿಯ ಕಡೆ ಹೋಗುವುದನ್ನು ನೋಡಿದರು. ಮೇಲೆ ಬಾನಿನ ಪಟ್ಟಿ ತೆಳ್ಳಗಾಗುತ್ತ ಬಂತು. ಅಂಚು ಮೊದಲು ಹೋಯಿತು. ಆಮೇಲೆ ಉಳಿದದ್ದು ಬರೀ ಮೋಡ.

"ಬಣ್ಣ ಮಾತ್ರ ಇದೇ ಅಲ್ದಾ ರತ್ನಾ?" ಎಂದು ಅವರು ಒದ್ದೆ ಅಂಗೈ ಚಾಚಿ ಕೇಳಿದರು.

ರತ್ನಾವತಿ ಆ ಅಂಗೈಯನ್ನು ನೋಡಿದಳು, ತನ್ನ ಕೈಯ ಸೀರೆಯನ್ನು ನೋಡಿದಳು. ಅದರ ತುದಿಯಿಂದ ನೀಲಿ ಆಗಲೇ ತೊಟ್ಟಿಕ್ಕುತ್ತಿತ್ತು.

"ಇದೇ ಭಾವ" ಎಂದಳು. "ಒಂದು ಹಿಡಿ ಉಪ್ಪು ಹಾಕು ಅಂತ ಆವತ್ತೇ ಹೇಳಿದ್ದೆ ಅವಳಿಗೆ."