ಅರೆಹೊಟ್ಟೆಯ ಮೊಬೈಲು

ಚಂದನಾ, ಮನು, ನಿಮ್ಮಜ್ಜಿ ಬಾಯಿ ಬಿಟ್ಟು ಮಾತಾಡುವವಳಲ್ಲ ಎಂದು ನಿಮಗೂ ಗೊತ್ತು, ಊರಿಗೂ ಗೊತ್ತು. ಇಳಿಯುವ ಜಾಗ ಬಂದರೂ ಕಂಡಕ್ಟರನಿಗೆ ಹೇಳಲು ನಾಚಿ, ಮುಂದಿನ ಊರಿನಲ್ಲಿ ಇಳಿದು ನಡೆದುಕೊಂಡು ವಾಪಸು ಬಂದವಳು ನಾನು. ಇಂಥವರನ್ನು ಜನ ಸಾಧು ಎನ್ನುತ್ತಾರೆ. ಸುಮ್ಮನಿರುವವರು ಏನನ್ನೂ ಕೆಡಿಸುವುದಿಲ್ಲ ಎಂದು ಅವರ ನಂಬಿಕೆ. ನಾನೂ ಹಾಗೇ ನಂಬಿಕೊಂಡಿದ್ದೆ. ಆದರೆ ಒಂದು ಮಾತನ್ನೂ ಆಡದೆ, ಒಂದೇ ಬೆರಳಿನಿಂದ, ನಿಮ್ಮಮ್ಮನ ಕೆಲಸಕ್ಕೆ ನಾನು ಸಂಚಕಾರ ತಂದಿದ್ದೆ. ಅದನ್ನು ಹೇಳುವುದಕ್ಕಿಂತ ಬರೆಯುವುದು ನನಗೆ ಸಲೀಸು. ಊರಿನ ಸ್ಕೂಲಿನಲ್ಲಿ ಮೇಷ್ಟ್ರು ನನ್ನ ಅಕ್ಷರ ಮುತ್ತಿನಂತಿದೆ ಎಂದಿದ್ದರು; ಎದ್ದು ನಿಂತು ಮಗ್ಗಿ ಹೇಳು ಎಂದಾಗ ಮಾತ್ರ ನಾನು ಅತ್ತುಬಿಟ್ಟಿದ್ದೆ.

ಆಗ ಹಾರೋಹಳ್ಳಿ ಕಡೆ ಒಂದೊಂದೇ ಫ್ಯಾಕ್ಟರಿ ಏಳುತ್ತಿದ್ದ ಕಾಲ. ಕೋಡಿಹಳ್ಳಿ ರಸ್ತೆಯಲ್ಲಿ ನಮ್ಮೂರಿನ ತಿರುವಿಗೂ ಗಾರ್ಮೆಂಟ್ಸ್ ವ್ಯಾನು ಬರತೊಡಗಿತು. ಹೊಲಿಗೆ ಕಲಿತಿದ್ದ ನಿಮ್ಮಮ್ಮ ತಾನೂ ಹೋಗುತ್ತೇನೆ ಎಂದಳು. ನಿಮ್ಮಪ್ಪ ಮೂರು ದಿನ ಮುದ್ದೆ ನುಂಗುತ್ತಾ ಯೋಚಿಸಿ, ಒಂದು ಷರತ್ತಿನ ಮೇಲೆ ಒಪ್ಪಿದ. ಮೊಬೈಲು ಜೊತೆಗಿರಬೇಕು, ಸಂಜೆ ವ್ಯಾನು ತಡವಾದರೆ ಫೋನು ಮಾಡಬೇಕು. ಯಾರೋ ಬಳಸಿ ಬಿಟ್ಟಿದ್ದ, ಗುಂಡಿ ಒತ್ತುವ ಮೊಬೈಲೊಂದನ್ನು ಕನಕಪುರದಿಂದ ತಂದೂ ಕೊಟ್ಟ.

ನಮ್ಮೂರಿಗೆ ಆಗ ನಂಬಿಕೆಯ ಕರೆಂಟು ಎಂದರೆ ಬೆಳಗಿನ ಜಾವ ನಾಲ್ಕಕ್ಕೆ ಬರುತ್ತಿದ್ದದ್ದು. ನಿಮ್ಮಮ್ಮ ಎದ್ದವಳೇ ನಡುಮನೆಯಲ್ಲಿ ಮೊಬೈಲನ್ನು ಚಾರ್ಜಿಗೆ ಹಾಕಿ, ನಿಮಗೆ ತಿಂಡಿ, ತನಗೆ ಡಬ್ಬಿ ಎಂದು ಒಲೆ ಮುಂದೆ ಕೂರುತ್ತಿದ್ದಳು. ಏಳಕ್ಕೆ ವ್ಯಾನು.

ನನಗೋ ಯಾರೂ ಇಲ್ಲದ ಕಡೆ ಕರೆಂಟು ಉರಿಯುತ್ತಿದ್ದರೆ ತುತ್ತು ಇಳಿಯುವುದಿಲ್ಲ. ಇದು ನಿಮ್ಮ ತಾತ ಹಚ್ಚಿದ ಗೀಳು. ನಾನು ಮದುವೆಯಾಗಿ ಬಂದಾಗ ಈ ಮನೆಗೆ ಒಂದೇ ಬಲ್ಬು. ಅಡುಗೆಮನೆಗೂ ನಡುಮನೆಗೂ ನಡುವಿನ ಗೋಡೆಯಲ್ಲಿ ಕಿಂಡಿ ಕೊರೆದು ಅದರಲ್ಲಿ ತೂಗುಬಿಟ್ಟಿದ್ದರು, ಎರಡು ಕಡೆಗೂ ಅರ್ಧರ್ಧ ಬೆಳಕು. ಉಂಡಾದ ಮೇಲೆ ನಾಲ್ಕು ಮಾತಾಡೋಣವೆಂದು ಕೂತರೆ ತಾತ ಅದನ್ನೂ ಆರಿಸುತ್ತಿದ್ದರು. ಮಾತು ಕೇಳುವುದು ಕಿವಿ, ಕಣ್ಣಿಗೇನು ಕೆಲಸ ಎನ್ನುತ್ತಿದ್ದರು. ನನಗೂ ಅದು ಅನುಕೂಲವೇ ಆಗಿತ್ತು, ಕತ್ತಲಲ್ಲಿ ನಾಚಿಕೆ ಕಡಿಮೆ. ಅವರು ಹೋದ ಮೇಲೆ ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊಬೈಲು ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಸೊಸೆಯನ್ನು ಕೇಳಲು ನನಗೆ ಸಂಕೋಚ. ನನಗೆ ಗೊತ್ತಿದ್ದದ್ದು ಹಸು, ಕರು. ಕರುವನ್ನು ಮೊದಲು ಕೆಚ್ಚಲಿಗೆ ಬಿಟ್ಟು, ಹಾಲು ಇಳಿದ ಮೇಲೆ ಎಳೆದು ಕಟ್ಟುತ್ತೇವೆ. ಹಾಗೇ ಬಿಟ್ಟರೆ ಅದು ಸಾಕು ಎನ್ನುವುದಿಲ್ಲ. ಮನೆಗೂ ಹಾಲಿಲ್ಲ, ಅದಕ್ಕೂ ಭೇದಿ. ಚಾರ್ಜರೂ ಇದೇ ಜಾತಿ ಎಂದುಕೊಂಡೆ. ಹಾಲು ಕರೆದು ಒಳಗೆ ಬಂದು, ಚೊಂಬು ಇಳಿಸಿ, ಚಾರ್ಜರಿನ ಮೈ ಮುಟ್ಟಿ ನೋಡುತ್ತಿದ್ದೆ. ಹೊಟ್ಟೆ ತುಂಬಿದ ಕರುವಿನ ಹಾಗೆ ಬೆಚ್ಚಗಿರುತ್ತಿತ್ತು. ಪಾಪ, ಸಾಕು ಎಂದು ಸ್ವಿಚ್ಚು ಆರಿಸುತ್ತಿದ್ದೆ. ಆಗಿನ್ನೂ ಐದು ಗಂಟೆ. ಏಳಕ್ಕೆ ಹೊರಡುವ ಅವಸರದಲ್ಲಿ ನಿಮ್ಮಮ್ಮ ವೈರು ಕಿತ್ತು ಮೊಬೈಲನ್ನು ಚೀಲಕ್ಕೆ ಹಾಕಿಕೊಂಡು ಓಡುತ್ತಿದ್ದಳು. ಸ್ವಿಚ್ಚಿನ ಕಡೆ ನೋಡಲು ಅವಳಿಗೆಲ್ಲಿ ಪುರುಸೊತ್ತು?

ಸಂಜೆ ಹೊತ್ತಿಗೆ ಅದು ಉಸಿರು ಬಿಟ್ಟಿರುತ್ತಿತ್ತು. ನಿಮ್ಮಪ್ಪ ಫೋನು ಮಾಡಿದರೆ, ಸ್ವಿಚ್ ಆಫ್ ಆಗಿದೆ ಎಂದು ಯಾವಳೋ ಹೇಳುತ್ತಿದ್ದಳಂತೆ. ಬ್ಯಾಟರಿ ಹಳತು ಎಂದು ಹೊಸದು ಹಾಕಿಸಿದ. ಅದಕ್ಕೂ ನಾನು ಅಷ್ಟೇ ಕುಡಿಸಿದೆ. ಅಷ್ಟರಲ್ಲಿ ತಿರುವಿನ ಟೀ ಅಂಗಡಿಯಲ್ಲಿ ಕೂರುವವರು, ಏನಪ್ಪ, ನಿನ್ನ ಹೆಂಡತಿ ಫೋನು ದಿನಾ ಸಂಜೆಗೇ ಮಲಗುತ್ತದಲ್ಲ ಎಂದು ಕಿಚಾಯಿಸಲು ಶುರು ಮಾಡಿದ್ದರು. ಒಂದು ದಿನ ವ್ಯಾನು ದಾರಿಯಲ್ಲಿ ಕೆಟ್ಟು ನಿಂತು, ಅವಳು ಮನೆ ಸೇರುವಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಜಗಲಿಯಲ್ಲೇ ನಿಮ್ಮಪ್ಪ ತಡೆದ.

"ಹೊಸ ಬ್ಯಾಟ್ರಿನೂ ಸಾಯ್ತದಾ? ನೀನೇ ಆಫ್ ಮಾಡ್ಕತೀಯ."

"ನಾನ್ಯಾಕೆ ಆಫ್ ಮಾಡ್ಲಿ? ನಾಲ್ಕರಿಂದ ಏಳರಗಂಟ ಚಾರ್ಜಿಗೆ ಹಾಕಿರ್ತೀನಿ."

"ಸಾಕು. ನಾಳೆ ಒಂದಿನ ಹೋಗಿ, ಬರಾಕಿಲ್ಲ ಅಂತ ಹೇಳ್ಬುಟ್ಟು ಬಾ."

ಅವಳು ಅಳಲಿಲ್ಲ. ಚೀಲವನ್ನು ಗೂಟಕ್ಕೆ ಹಾಕಿ, ಅದರ ಹಿಡಿಯನ್ನು ಬಿಡದೆ ಹಾಗೇ ನಿಂತಿದ್ದಳು. ಏಳರಗಂಟ ಎಂದಳಲ್ಲ, ಆಗ ನನಗೆ ಹೊಳೆಯಿತು. ಐದಕ್ಕೇ ಆರಿಸುತ್ತಿದ್ದೆನಲ್ಲ ನಾನು. ಮಗನ ಮುಂದೆ ಹೋಗಿ ನಿಂತೆ. ಮೂರು ಸಲ ಗಂಟಲು ಸರಿಮಾಡಿಕೊಂಡು, "ಅದ ಆರಿಸ್ತಿದ್ದೋಳು ನಾನು ಕಣಪ್ಪ" ಎಂದೆ.

ಜೀವಮಾನದಲ್ಲಿ ಅಷ್ಟು ಧೈರ್ಯ ಮಾಡಿದ್ದು ಅದೇ ಮೊದಲು. ಆದರೆ ಇಬ್ಬರೂ ನಂಬಲಿಲ್ಲ. "ನೀ ಸುಮ್ಕಿರವ್ವ, ಸೊಸೆ ಉಳಿಸಾಕೆ ತಪ್ಪ ನಿನ್ ಮ್ಯಾಲೆ ಹಾಕ್ಕಬೇಡ" ಎಂದ ಅವನು. ಅವಳೂ, "ನನ್ ಸಲುವಾಗಿ ಸುಳ್ಳು ಹೇಳ್ಬೇಡಿ ಅತ್ತೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕರುವಿನ ಲೆಕ್ಕ ವಿವರಿಸಲು ಹೋದೆ. ಅರ್ಧದಲ್ಲೇ ನಾಲಿಗೆ ಕಟ್ಟಿತು.

ಮಾರನೆಯ ಬೆಳಿಗ್ಗೆ ಸ್ವಿಚ್ಚಿನ ಹತ್ತಿರಕ್ಕೂ ಹೋಗಬಾರದು ಎಂದುಕೊಂಡೇ ಎದ್ದೆ. ಇವನನ್ನು ಹೇಗೆ ನಂಬಿಸಲಿ, ಅವಳನ್ನು ಹೇಗೆ ಉಳಿಸಲಿ ಎಂದು ಯೋಚಿಸುತ್ತಲೇ ಹಾಲು ಕರೆದೆ, ಒಳಗೆ ಬಂದೆ, ಚೊಂಬು ಇಳಿಸಿದೆ. ಟಕ್ ಎಂದಿತು. ತಿರುಗಿ ನೋಡಿದರೆ ಗೋಡೆಗೊರಗಿ ಕಾಫಿ ಕುಡಿಯುತ್ತಿದ್ದ ನಿಮ್ಮಪ್ಪ ಲೋಟ ಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದ.

"ಅವ್ವ, ಈಗೇನ್ ಮಾಡ್ದೆ?"

"ಏನೂ ಇಲ್ವಲ್ಲ" ಎಂದುಬಿಟ್ಟೆ. ಬೆರಳು ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

ಅವನು ಗಡಿಯಾರ ನೋಡಿದ, ಹೆಂಡತಿಯನ್ನು ಕೂಗಿದ. ಅವಳು ಸೌಟು ಹಿಡಿದೇ ಬಂದಳು. ಸ್ವಿಚ್ಚು ನೋಡಿ, ನನ್ನನ್ನು ನೋಡಿ, "ದಿನಾನೂವಾ ಅತ್ತೆ?" ಎಂದಳು. ನಾನು ತಲೆಯಾಡಿಸಿದೆ. ಅವಳು ಅಲ್ಲೇ ಕುಸಿದು ಕೂತು ನಕ್ಕಳು. ನಗುತ್ತಾ ನಗುತ್ತಾ, ಹಿಂದಿನ ಸಂಜೆಯಿಂದ ತಡೆದಿದ್ದ ಅಳುವನ್ನೂ ಅತ್ತು ಮುಗಿಸಿದಳು. ನಿಮ್ಮಪ್ಪ ತಪ್ಪಾಯಿತು ಎನ್ನಲಿಲ್ಲ. ಗಂಡಸರಿಗೂ ಅವರದೇ ಒಂದು ನಾಚಿಕೆ ಇರುತ್ತದೆ. ತಾನೇ ಸ್ವಿಚ್ಚು ಹಾಕಿದ, ಏಳಕ್ಕೆ ಅವಳ ಚೀಲವನ್ನು ತಿರುವಿನವರೆಗೂ ಹೊತ್ತ. ವ್ಯಾನು ಹತ್ತುವಾಗ, "ಸಂಜೆ ಒಸಿ ತಡ ಆದ್ರೆ ಫೋನ್ ಮಾಡು" ಎಂದನಂತೆ.

ಮೊಬೈಲಿನ ಮೂಲೆಯಲ್ಲಿ ಬ್ಯಾಟರಿಯ ಗೆರೆಗಳು ಓಡುವುದನ್ನು ನಿಲ್ಲಿಸಿದರೆ ಹೊಟ್ಟೆ ತುಂಬಿದೆ ಎಂದರ್ಥ, ಆಗ ಚಾರ್ಜರನ್ನೂ ಗೋಡೆಯಿಂದ ತೆಗೆಯಬೇಕು, ಇಲ್ಲದಿದ್ದರೆ ಅದೊಂದೇ ಕೂತು ಕರೆಂಟು ಚಪ್ಪರಿಸುತ್ತದೆ ಎಂದು ನಿಮ್ಮಮ್ಮ ಆಮೇಲೆ ಹೇಳಿಕೊಟ್ಟಳು. ಈಗಲೂ ಆ ಕೆಲಸ ನನ್ನದೇ. ಆದರೆ ನನ್ನ ಮನಸ್ಸನ್ನು ಕೊರೆಯುವುದು ಬೇರೆ. ನಿಜ ಹೇಳಿದ ಅವಳನ್ನು ಯಾರೂ ನಂಬಲಿಲ್ಲ, ಬಾಯಿ ಬಿಡದ ನನ್ನ ಮೇಲೆ ಯಾರಿಗೂ ಅನುಮಾನವೇ ಬರಲಿಲ್ಲ. ಇಷ್ಟು ವರ್ಷ ನಾನು ಪಡೆದ ಒಳ್ಳೆಯ ಹೆಸರಿನಲ್ಲಿ ಎಷ್ಟು ಪಾಲು ಬರೀ ಮೌನದ್ದೋ.

ಈಗ ನಿಮ್ಮಪ್ಪ ನೆಂಟರ ಮುಂದೆ ಈ ಕಥೆ ಹೇಳುವಾಗ, ಅವ್ವನ ಮೇಲೆ ತನಗೆ ಮೊದಲೇ ಅನುಮಾನವಿತ್ತು, ಅದಕ್ಕೇ ಬೆಳಿಗ್ಗೆ ಎದ್ದು ಕಾದು ಹಿಡಿದೆ ಎನ್ನುತ್ತಾನೆ. ನಿಮ್ಮಮ್ಮ ನನ್ನ ಮುಖ ನೋಡುತ್ತಾಳೆ. ನಾನು ಎಂದಿನ ಹಾಗೆ ಸುಮ್ಮನೆ ಕೂತಿರುತ್ತೇನೆ. ಅವನ ಎದುರು ಹಾಗಲ್ಲ ಕಣಪ್ಪ ಎನ್ನುವಷ್ಟು ಧೈರ್ಯ ನನಗೆ ಮತ್ತೆ ಬರುವ ಲಕ್ಷಣ ಕಾಣೆ. ಅದಕ್ಕೇ ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.