ಅರವತ್ತೊಂದರ ಬಾಣಂತಿ

ಆಸ್ಪತ್ರೆಯ ಗುಮಾಸ್ತ ಜುಮಾಬೆಕ್ ಮಾಡಿದ ತಪ್ಪು ಇಷ್ಟೇ. ರಾಜಧಾನಿಯ ಸಂಶೋಧನಾ ಕೇಂದ್ರದವರು ಕೇಳಿದರೆಂದು, ಕಾರಾ-ಬುಲಾಕ್ ಆಸ್ಪತ್ರೆಯ ರೋಗಿಗಳ ದಾಖಲೆಗಳನ್ನೆಲ್ಲ, ಹೆಸರು ಅಳಿಸಿ ಬರೀ ಸಂಖ್ಯೆ ಹಾಕಿ, ಕಳಿಸಿಕೊಟ್ಟಿದ್ದ. ಜಿಲ್ಲಾಸ್ಪತ್ರೆಯವರೂ ತಮ್ಮ ಹಳೆಯ ಕಂತೆಗಳನ್ನು ಕಳಿಸಿದ್ದರು. ಕೃತಕ ಬುದ್ಧಿಮತ್ತೆಯ ಯಂತ್ರವೊಂದು ಎರಡನ್ನೂ ಜೋಡಿಸಿ ಓದಿ, ಈ ಕಣಿವೆಯವರ ಹೃದಯ ಯಾಕೆ ಬೇಗ ಸೋಲುತ್ತದೆಂದು ಹೇಳಬೇಕಿತ್ತು. ಯಂತ್ರ ಹೃದಯವನ್ನು ಬಿಟ್ಟು ಇನ್ನೇನನ್ನೋ ಹಿಡಿಯಿತು.

ಅದರ ಬೆನ್ನಿಗೇ ಡಾಕ್ಟರ್ ಪೆರಿಜಾತ್ ರಾಜಧಾನಿ ಬಿಷ್ಕೆಕ್‌ನಿಂದ ಜೀಪಿನಲ್ಲಿ ಬಂದಿಳಿದಳು. ಘಾಟಿಯಲ್ಲಿ ಕುಲುಕಿ ಕುಲುಕಿ ಅವಳ ಮುಖ ಹಿಂಡಿ ಬಿಸಾಡಿದ ಬಟ್ಟೆಯಂತಾಗಿತ್ತು.

"ಈ ಸಂಖ್ಯೆ ಯಾರದ್ದು ಸ್ವಲ್ಪ ನೋಡಿ. ಅರವತ್ತೊಂದನೇ ವಯಸ್ಸಲ್ಲಿ ಗಂಡು ಮಗು ಹೆತ್ತಿದ್ದಾಳೆ. ನಮ್ಮ ಕೇಂದ್ರದಲ್ಲಿ ಯಾರಿಗೂ ನಿದ್ದೆ ಇಲ್ಲ."

ಜುಮಾಬೆಕ್ ನೋಡಿದ. ಸಂಖ್ಯೆ ಅವನ ತಾಯಿ ಬಾತ್ಮಾಳದ್ದು. ಮಗು ಎಲ್ದಿಯಾರ್, ಅವನ ಸ್ವಂತ ಮಗ.

ಚೊಚ್ಚಲ ಮಗುವನ್ನು ಅಜ್ಜಿಯ ಮಡಿಲಿಗೆ ಹಾಕುವುದು ಆ ಕಡೆಯ ವಾಡಿಕೆ. ಆಮೇಲೆ ಅಜ್ಜಿಯೇ ಅಮ್ಮ, ಹೆತ್ತವರು ಅಣ್ಣ ಅತ್ತಿಗೆ. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಎಲ್ದಿಯಾರ್ ಹುಟ್ಟಿದಾಗ ಹಿಮ ಬಿದ್ದು ದಾರಿ ಕಟ್ಟಿತ್ತು, ಹೆರಿಗೆ ಮನೆಯಲ್ಲೇ ಆಯಿತು. ಆಸ್ಪತ್ರೆಯ ದಾಖಲೆಯಲ್ಲಿ ತಾಯಿಯ ಹೆಸರಿನ ಜಾಗದಲ್ಲಿ ಬಾತ್ಮಾ ಎಂದು ಬರೆದವನು ಜುಮಾಬೆಕ್‌ನೇ. ಬಾತ್ಮಾ ಪಕ್ಕದಲ್ಲಿ ನಿಂತು ಬರೆಸಿದ್ದಳು.

ಅವನ ಹೆಗಲ ಮೇಲಿಂದ ಇಣುಕುತ್ತಿದ್ದ ನರ್ಸ್ ಬೂರುಲ್ ಪಿಸುಗುಟ್ಟಿದಳು. "ಹೇಳಿಬಿಡೋ ಪೆದ್ದ! ಮಗು ಈ ವರ್ಷ ಶಾಲೆಗೆ ಸೇರುತ್ತೆ. ಈಗ ಅಪ್ಪ ಅನ್ನಿಸ್ಕೊಳ್ಳದೆ ಇನ್ಯಾವಾಗ ಅನ್ನಿಸ್ಕೊಳ್ತೀಯ?"

ಅವನಿಗೆ ಬೇಕಿದ್ದದ್ದೂ ಅಷ್ಟೇ. ಒಂದು ಸಲ, ಆ ಮಗುವಿನ ಬಾಯಲ್ಲಿ.

ಬೂರುಲ್‌ಗೆ ಗುಟ್ಟು ಹೇಳುವುದೂ ಮಸೀದಿಯ ಮೈಕಿನಲ್ಲಿ ಹೇಳುವುದೂ ಒಂದೇ. ಚಹಾ ಆರುವುದರೊಳಗೆ ಪಡಸಾಲೆಯಲ್ಲಿ ಅಜ್ಜಿಯರ ಸಾಲು ನಿಂತಿತು, ಒಬ್ಬೊಬ್ಬಳ ಕೈಯಲ್ಲೂ ಒಂದೊಂದು ಮಗು. ವಯಸ್ಸಾದ ಮೇಲೆ ಹೆತ್ತವರಿಗೆ ಸರ್ಕಾರ ಪದಕ ಕೊಡುತ್ತದಂತೆ!

"ನಂದು ಬರ್ಕೊಳಮ್ಮ, ಅರವತ್ಮೂರಕ್ಕೆ ಹೆತ್ತೆ."

"ಅದೇನು ದೊಡ್ಡದು? ನಾನು ಹಲ್ಲೆಲ್ಲ ಬಿದ್ಮೇಲೆ ಹೆತ್ತೋಳು."

"ನಿನ್ನ ಹಲ್ಲು ಮೂವತ್ತಕ್ಕೇ ಬಿದ್ದಿದ್ವಲ್ಲೇ, ಸುಳ್ಳಿ!"

ಪೆರಿಜಾತ್ ತಲೆ ಹಿಡಿದು ಕೂತಳು. ಅಷ್ಟರಲ್ಲಿ ಬಾತ್ಮಾ ಕೋಲೂರಿಕೊಂಡು ಬಂದು ಜುಮಾಬೆಕ್‌ನನ್ನು ಮೂಲೆಗೆ ಎಳೆದಳು.

"ಬಾಯಿ ಬಿಟ್ಟೆಯೋ, ನಾಳೆ ನನ್ನ ಹೆಣ ಎತ್ತೋಕೆ ಬಾ."

ಅವಳ ಹಿಂದೆಯೇ ಅವನ ಅಣ್ಣ ಶೆರಾಲಿ. ವಯಸ್ಸು ಐವತ್ತರ ಹತ್ತಿರ. ತಮ್ಮನ ಮದುವೆ, ಕೆಲಸ, ಕಡೆಗೆ ಹಲ್ಲುನೋವಿಗೂ ಮೂಗು ತೂರಿಸಿದವನು. ಬೆವರುತ್ತಿದ್ದ.

"ಆ ಡಾಕ್ಟರಿಗೆ ಚಹಾ ಕುಡಿಸು, ಮಾಂಸ ತಿನ್ನಿಸು, ಕಳಿಸು. ಏನೂ ಹೇಳ್ಬೇಡ ಕಣೋ."

"ನಿಂಗ್ಯಾಕಣ್ಣ ಇಷ್ಟು ಸಂಕಟ?"

"ನಂಗೇನು ಸಂಕಟ? ಸುಮ್ನೆ ಹೇಳ್ದೆ," ಎಂದು ಶೆರಾಲಿ ಟೊಪ್ಪಿಯಿಂದ ಮುಖ ಒರೆಸಿಕೊಂಡ.

ಎಲ್ಲರ ಮಾತೂ ಕೇಳಿ ಕೇಳಿ ಜುಮಾಬೆಕ್‌ಗೆ ಸುಸ್ತಾಗಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಹೆಸರು ಹೇಳದೆ ಉಳಿದದ್ದೆಲ್ಲ ಹೇಳಿದ. ಆ ಹೆಂಗಸು ಹೆತ್ತಿಲ್ಲ, ಅದು ಮೊಮ್ಮಗು, ಹೊರಗಿರೋವೂ ಮೊಮ್ಮಕ್ಕಳೇ, ಇಲ್ಲಿ ಹೀಗೇ.

ಪೆರಿಜಾತ್ ನಗತೊಡಗಿದಳು, ಕಣ್ಣಲ್ಲಿ ನೀರು ಬರುವಷ್ಟು.

"ಇಬ್ಬರು ಪ್ರೊಫೆಸರು ಕೂತು ವಿದೇಶಿ ಪತ್ರಿಕೆಗೆ ಲೇಖನ ಬರೀತಿದ್ರು... ಹೋಗ್ಲಿ ಬಿಡಿ. ಹೆತ್ತವರ ಹೆಸರು ತಿದ್ದಿ ಕಳಿಸಿ, ಎಲ್ಲಾ ಕಡೆ ಸರಿಹೋಗುತ್ತೆ."

"ಶಾಲೇಲೂ?"

"ಶಾಲೇಲೂ."

ಜುಮಾಬೆಕ್‌ನ ಎದೆ ಲಾಯದಿಂದ ಬಿಟ್ಟ ಕುದುರೆಮರಿಯಂತೆ ನೆಗೆಯಿತು.

"ದೊಡ್ಡ ಉಪಕಾರ ಮಾಡಿದ್ರಿ," ಪೆರಿಜಾತ್ ಚೀಲ ಕಟ್ಟುತ್ತ ಹೇಳಿದಳು. "ಅವಳ ಇನ್ನೊಂದು ಹೆರಿಗೇದೂ ಈಗ ಬಗೆಹರೀತು. ಎರಡೂ ಮೊಮ್ಮಕ್ಕಳೇ."

"ಯಾವ ಇನ್ನೊಂದು?"

"ಇಪ್ಪತ್ತೆಂಟು ವರ್ಷದ ಮಗ ಒಬ್ಬ ಇದ್ದಾನಲ್ಲ. ಅವನು ಹುಟ್ಟೋ ಮೂರು ವರ್ಷ ಮುಂಚೆನೇ ಜಿಲ್ಲಾಸ್ಪತ್ರೇಲಿ ಇವಳ ಗರ್ಭಕೋಶ ತೆಗೆದಿದ್ದಾರೆ. ಯಂತ್ರ ಪಾಪ ಅದಕ್ಕೇ ಹುಚ್ಚು ಹಿಡಿಸ್ಕೊಂಡಿತ್ತು."

ಬಾತ್ಮಾಳಿಗೆ ಇಬ್ಬರೇ ಗಂಡುಮಕ್ಕಳು ಎಂದು ಜುಮಾಬೆಕ್ ಇಂದಿನವರೆಗೂ ನಂಬಿದ್ದ. ಶೆರಾಲಿ, ಮತ್ತೆ ತಾನು.

ಅವನು ಬಾಗಿಲು ತೆರೆದ. ಒಬ್ಬ ಅಜ್ಜಿ ಕೈ ತೊಳೆಯುವ ವಿಧಾನದ ಚಿತ್ರವನ್ನು ಪರೀಕ್ಷೆಗೆ ಓದುವವಳಂತೆ ನೋಡತೊಡಗಿದಳು. ಬೂರುಲ್ ಔಷಧಿ ಕೋಣೆಗೆ ನುಸುಳಿದಳು. ಬಾತ್ಮಾ ಕೋಲಿನ ತುದಿಯನ್ನೇ ನೋಡುತ್ತಿದ್ದಳು. ಊರಿಗೆಲ್ಲ ಗೊತ್ತಿತ್ತು.

ಸಾಲಿನ ಕೊನೆಯ ಬೆಂಚಿನಲ್ಲಿ ಶೆರಾಲಿ ಕೂತಿದ್ದ.

"ಅಮ್ಮನಿಗೆ ಆಪರೇಷನ್ ಆಗಿತ್ತಂತೆ," ಎಂದ ಜುಮಾಬೆಕ್. "ನಾನು ಹುಟ್ಟೋಕ್ಮುಂಚೆ."

ಶೆರಾಲಿ ಟೊಪ್ಪಿ ತೆಗೆದು ಅದರೊಳಗೆ ಇಣುಕಿದ. ಅಲ್ಲಿ ಏನೂ ಬರೆದಿರಲಿಲ್ಲ.

"ಒಂದ್ಸಲನಾದ್ರೂ ಹೇಳ್ಬಾರ್ದಿತ್ತಾ... ಅಣ್ಣ?"

"ಅಮ್ಮ ಇರೋತನಕ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ."

ಒಳಗಿಂದ ಪೆರಿಜಾತ್ ಕೂಗಿದಳು, "ತಿದ್ದಿ ಕಳಿಸಿದ್ರಾ?"

ಜುಮಾಬೆಕ್ ಬಾತ್ಮಾಳ ಕಡೆ ನೋಡಿದ. "ಕಂಪ್ಯೂಟರ್ ಕೆಟ್ಟಿದೆ," ಎಂದ.

ಶೆರಾಲಿ ಬೆಂಚಿನಲ್ಲಿ ಸ್ವಲ್ಪ ಸರಿದು ಜಾಗ ಕೊಟ್ಟ.

"ಮಗನ ಬಾಯಲ್ಲಿ ಅಪ್ಪ ಅನ್ನಿಸ್ಕೋಬೇಕು, ಅಷ್ಟೇ ತಾನೆ? ಹಿಂದೆ ನಿಂತ್ಕೊ ಮಾರಾಯ. ನಾನು ನಿನಗಿಂತ ಮುಂಚೆ ಬಂದಿದೀನಿ."