ದಾಸಪ್ಪನ ನಕ್ಷತ್ರ

ಜಕ್ಕೂರಿನ ಬಾಲರಾಜುವಿನ ಕಂಪ್ಯೂಟರ್ ತೆರೆದುಕೊಳ್ಳುವಷ್ಟರಲ್ಲಿ ಅವನ ಕಾಫಿ ಆರಿ ತಣ್ಣಗಾಯಿತು. ಬೇರೆ ದಿನವಾಗಿದ್ದರೆ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅಂದು ಮಧ್ಯಾಹ್ನ ಹತ್ತಿರದ ಸಿಂಗಾಪುರ ಹಳ್ಳಿಯಿಂದ ದೊಡ್ಡಮ್ಮ ಮುನಿಯಲ್ಲಮ್ಮ ಬರುವವರಿದ್ದರು, ಗಂಡನನ್ನು ನೋಡಲು.

ಗಂಡ ದಾಸಪ್ಪ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದ್ದ ಆ ಪುಣ್ಯಾತ್ಮ ಒಂದು ಫೋಟೋವನ್ನೂ ಬಿಟ್ಟುಹೋಗಿರಲಿಲ್ಲ. ಹಾಗಿರುವಾಗ ಬಾಲರಾಜುವಿಗೆ ಇಂಟರ್‌ನೆಟ್ಟಿನಲ್ಲಿ, ಯಾರೋ ಹಿಂದೆ ವಿಮಾನದಿಂದ ತೆಗೆದ ಚಿತ್ರವೊಂದು ಕಣ್ಣಿಗೆ ಬಿದ್ದಿತ್ತು. ಜಕ್ಕೂರು ಕೆರೆ, ಏರಿಯ ಮೇಲೆ ಜೋಡಿ ಎತ್ತು, ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ರುಮಾಲು. ಊರಿನಲ್ಲಿ ಕೆಂಪು ರುಮಾಲು ಸುತ್ತುತ್ತಿದ್ದವನು ದಾಸಪ್ಪ ಒಬ್ಬನೇ! ಬಾಲರಾಜುವಿಗೆ ಮೈ ಜುಮ್ಮೆಂದಿತು. ಪರದೆಗೆ ಕೈಮುಗಿದು, ಮೇಲಿದ್ದ ನಕ್ಷತ್ರ ಒತ್ತಿ ಬುಕ್‌ಮಾರ್ಕ್ ಮಾಡಿದ. ಯಾವ ದಾರಿಯಲ್ಲಿ ಅಲ್ಲಿಗೆ ಹೋದನೆಂಬುದು ಅವನಿಗೇ ಗೊತ್ತಿರಲಿಲ್ಲ. ಆ ನಕ್ಷತ್ರವೊಂದೇ ಗತಿ. ಮತ್ತೆ ಮತ್ತೆ ನೋಡಿದರೆ ಸವೆದೀತೆಂದು ಆಮೇಲೆ ತೆರೆದೂ ಇರಲಿಲ್ಲ.

ಮಹಡಿಯ ಬಾಡಿಗೆ ಹುಡುಗ ವಾಸು ಬಂದು ನೋಡಿದ. "ಕಸ ತುಂಬ್ಕೊಂಡಿದೆ ಬಾಲಣ್ಣ, ಅಷ್ಟೇ. ಕ್ಲೀನರ್ ಹಾಕ್ತೀನಿ, ಕುದುರೆ ಥರ ಓಡುತ್ತೆ."

ಕ್ಲೀನರ್ ತೆರೆದುಕೊಂಡಿತು. ಹಿಸ್ಟರಿ, ಬುಕ್‌ಮಾರ್ಕ್ ಎಲ್ಲದರ ಮುಂದೆಯೂ ಟಿಕ್ ಇತ್ತು.

"ಅಯ್ಯೋ, ಬುಕ್‌ಮಾರ್ಕ್ ಮುಟ್ಬೇಡ ಗುರು! ದೊಡ್ಡಪ್ಪ ಅಲ್ಲೇ ಇರೋದು!"

"ಹಂಗಾದ್ರೆ ಆ ಟಿಕ್ ತೆಗೀಬೇಕು," ಎಂದು ವಾಸು ತೆಗೆದ.

ಅಡುಗೆಮನೆಯಿಂದ ಹೆಂಡತಿ ಶಾಂತಲಾ ಬಂದಳು. "ಟಿಕ್ ಯಾಕ್ರೀ ತೆಗೀತೀರ? ಸರಿ ಇರೋದಕ್ಕೆ ತಾನೇ ಮೇಷ್ಟ್ರು ಟಿಕ್ ಹಾಕೋದು? ಬೇಡ್ದಿರೋದಕ್ಕೆ ಇಂಟು."

ಹೆಂಡತಿಯ ಬುದ್ಧಿಗೆ ಬೆರಗಾಗಿ ಬಾಲರಾಜು ಮತ್ತೆ ಟಿಕ್ ಹಾಕಿದ. ವಾಸು ತೆಗೆದ. ಕರಿಬೇವು ಕೇಳಲು ಬಂದ ಎದುರುಮನೆ ಮರಿಯಮ್ಮ, "ದೊಡ್ಡವ್ರಿರೋ ಜಾಗ, ಟಿಕ್ ಇರ್ಲಿ ಬಿಡಪ್ಪ," ಎಂದರು. ಬಾಲರಾಜು ಹಾಕಿದ. ಈ ಎಳೆದಾಟದಲ್ಲಿ ಯಾರ ಮೊಣಕೈ ತಗುಲಿತೋ, ಕ್ಲೀನರ್ ಗುರ್ ಎಂದು ಶುರುವಾಯಿತು.

"ಟಿಕ್ ಹಾಕಿದ್ದನ್ನೇ ಅದು ಅಳಿಸೋದು ಬಾಲಣ್ಣಾ!"

ಬಾಲರಾಜು ಎಗರಿ ಗೋಡೆಯ ಸ್ವಿಚ್ ಆರಿಸಿಬಿಟ್ಟ. ಮತ್ತೆ ಹಚ್ಚಿದಾಗ ನಾಲ್ವರೂ ಪರದೆಯತ್ತ ಬಾಗಿದರು. ಬುಕ್‌ಮಾರ್ಕ್ ಹಾಗೇ ಇತ್ತು! ಈ ಸಲ ವಾಸು ಟಿಕ್ ತೆಗೆದು, ಉಳಿದ ಕಸವನ್ನಷ್ಟೇ ಗುಡಿಸಿದ. ಕಂಪ್ಯೂಟರ್ ನಿಜಕ್ಕೂ ಓಡತೊಡಗಿತು. ಮರಿಯಮ್ಮ ಕರಿಬೇವು ಮರೆತು ಕೆನ್ನೆ ಬಡಿದುಕೊಂಡರು.

ಅಷ್ಟರಲ್ಲಿ ಹೊಸ ಸೀರೆ ಉಟ್ಟುಕೊಂಡು ಮುನಿಯಲ್ಲಮ್ಮ ಬಂದರು. "ಎಲ್ಲೋ ಬಾಲ, ನಿಮ್ ದೊಡ್ಡಪ್ಪ?"

ಬಾಲರಾಜು ದೇವರನ್ನು ನೆನೆದು ಬುಕ್‌ಮಾರ್ಕ್ ಒತ್ತಿದ. ಪುಟ ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ತೆರೆದುಕೊಂಡಿತು. ಪೂರ್ತಿ ಬಿಳಿ, ಮೂಲೆಯಲ್ಲಿ ಇಂಗ್ಲಿಷಿನ ಒಂದು ಸಾಲು.

ವಾಸು ಅವನ ಕಿವಿಯಲ್ಲಿ ಉಸುರಿದ. "ಬುಕ್‌ಮಾರ್ಕಲ್ಲಿರೋದು ಬರೀ ಅಡ್ರೆಸ್ ಬಾಲಣ್ಣ. ಫೋಟೋ ಹಾಕಿದ್ದೋರೇ ತೆಗೆದ್ಬಿಟ್ಟಿದ್ದಾರೆ."

ಬಾಲರಾಜು ದೊಡ್ಡಮ್ಮನ ಕಡೆ ತಿರುಗಿದ. "ದೊಡ್ಡಮ್ಮ..." ಎಂದ.

ಮುನಿಯಲ್ಲಮ್ಮ ಕೇಳಿಸಿಕೊಳ್ಳಲಿಲ್ಲ. ಅವರು ಆ ಬಿಳುಪನ್ನೇ ಕಣ್ಣರಳಿಸಿ ನೋಡುತ್ತಿದ್ದರು.

"ಅಬ್ಬಬ್ಬಾ, ಎಷ್ಟ್ ಮ್ಯಾಲಿಂದ ತೆಗ್ದವ್ರೋ! ಮೋಡ ಮುಚ್ಕಂಡೈತೆ ನೋಡು."

ಅವರು ಕುರ್ಚಿ ಎಳೆದುಕೊಂಡು ಸೆರಗು ಸರಿಮಾಡಿಕೊಂಡರು. "ಮೋಡ ಸರಿಯೋಗಂಟ ಇಲ್ಲೇ ಕುಂತಿರ್ತೀನಿ. ಆವಯ್ಯ ನನ್ನ ಕಾಯ್ಸೋದು ಒಸದೇನಲ್ಲ."

ಬಾಲರಾಜು ಶಾಂತಲಾಳ ಮುಖ ನೋಡಿದ. ಶಾಂತಲಾ ಒಳಗೆ ಹೋಗಿ, ದೊಡ್ಡಮ್ಮನಿಗೂ ಸೇರಿಸಿ ಮುದ್ದೆಗೆ ಎಸರಿಟ್ಟಳು.